ಮರೆತದ್ದನ್ನು ಅಳೆದವರು

ಶಾಲೆಯಲ್ಲಿ ಉರು ಹೊಡೆದ ಒಂದು ಪದ್ಯ. ಇಪ್ಪತ್ತು ವರ್ಷ ಕಳೆದ ಮೇಲೆ ಯಾರಾದರೂ ಕೇಳಿದರೆ ಮೊದಲ ಸಾಲೂ ಬಾಯಿಗೆ ಬರುವುದಿಲ್ಲ. ಅದು ಪೂರ್ತಿ ಅಳಿಸಿಹೋಯಿತೆ, ಅಥವಾ ಒಳಗೆಲ್ಲೋ ಸ್ವಲ್ಪ ಉಳಿದಿದೆಯೆ? ಉಳಿದಿದ್ದರೆ ಎಷ್ಟು? ನೆನಪು ಕಣ್ಣಿಗೆ ಕಾಣದು, ಕೈಗೆ ಸಿಗದು. ಅದರ ಒಡೆಯನನ್ನೇ ಕೇಳೋಣವೆಂದರೆ ಅವನೂ 'ಗೊತ್ತಿಲ್ಲ' ಎನ್ನುತ್ತಾನೆ. ನೆನಪನ್ನು ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞರ ಕಸುಬು ಶುರುವಾಗುವುದೇ ಇಲ್ಲಿಂದ. ನೇರವಾಗಿ ಕೇಳಿದರೆ ಸಿಗದ ಉತ್ತರ ತಾನಾಗಿಯೇ ಹೊರಬರುವ ಹಾಗೆ ಪ್ರಯೋಗವನ್ನು ಹೆಣೆಯಬೇಕು. ಈ ಹೆಣಿಗೆಯಲ್ಲಿರುವ ಜಾಣ್ಮೆ ಮತ್ತು ತಾಳ್ಮೆಯನ್ನು ಎಷ್ಟು ಮೆಚ್ಚಿದರೂ ಸಾಲದು.

ಈ ಕಸುಬಿಗೆ ಅಡಿಪಾಯ ಹಾಕಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1879ರ ಸುಮಾರಿಗೆ ಅವರು ಕೆಲಸ ಆರಂಭಿಸಿದಾಗ, ನೆನಪಿನಂಥ ಸಂಕೀರ್ಣ ವಿಷಯ ಪ್ರಯೋಗಕ್ಕೆ ಒಗ್ಗುವುದೇ ಇಲ್ಲವೆಂದು ಆ ಕಾಲದ ಹಲವು ವಿದ್ವಾಂಸರು ನಂಬಿದ್ದರು. ಎಬ್ಬಿಂಗ್‌ಹೌಸ್ ತಾವೇ ಪ್ರಯೋಗ ನಡೆಸುವವರೂ ತಾವೇ ಪ್ರಯೋಗಕ್ಕೆ ಒಳಗಾಗುವವರೂ ಆದರು.

ಮೊದಲ ತೊಡಕು ಎದುರಾದದ್ದು ಯಾವುದನ್ನು ಬಾಯಿಪಾಠ ಮಾಡಬೇಕು ಎಂಬಲ್ಲಿ. ಪದ್ಯವಾದರೆ ಅರ್ಥ, ಲಯ, ಪ್ರಾಸ ಎಲ್ಲವೂ ನೆರವಿಗೆ ಬರುತ್ತವೆ. ಒಂದು ಸಾಲು ಹಳೆಯದೇನನ್ನೋ ನೆನಪಿಸುತ್ತದೆ, ಇನ್ನೊಂದು ನಗಿಸುತ್ತದೆ. ಹೀಗಾದರೆ ಎರಡು ಪಾಠಗಳ ಶ್ರಮವನ್ನು ಹೋಲಿಸುವುದು ಹೇಗೆ? ಅದಕ್ಕಾಗಿ ಅವರು ಎರಡು ವ್ಯಂಜನಗಳ ನಡುವೆ ಒಂದು ಸ್ವರವಿಟ್ಟು ಸುಮಾರು 2,300 ಉಚ್ಚಾರಗಳನ್ನು ಸಿದ್ಧಪಡಿಸಿದರು. ನಮ್ಮ ಕಿವಿಗೆ 'ದೂಫ್', 'ಝೇಪ್' ಎಂಬಂತೆ ಕೇಳಿಸುವಂಥವು. ಎಲ್ಲವನ್ನೂ ಕಲಸಿ, ಕೈಗೆ ಬಂದವನ್ನು ಎತ್ತಿ ಪಟ್ಟಿ ಮಾಡಿದರು. ಅರ್ಥದ ನೆರವು ಎಷ್ಟು ದೊಡ್ಡದೆಂದು ತಿಳಿಯಲು ಬೈರನ್ ಕವಿಯ 'ಡಾನ್ ಜುವಾನ್' ಕಾವ್ಯದ ಪದ್ಯಗಳನ್ನೂ ಕಲಿತು ನೋಡಿದರು. ಸುಮಾರು 80 ಉಚ್ಚಾರಗಳ ಒಂದು ಪದ್ಯಕ್ಕೆ ಎಂಟೊಂಬತ್ತು ಓದು ಸಾಕಾಯಿತು. ಅಷ್ಟೇ ಉದ್ದದ ಅರ್ಥವಿಲ್ಲದ ಪಟ್ಟಿಗೆ 70ರಿಂದ 80 ಓದು ಬೇಕಾದೀತೆಂದು ಅವರ ಲೆಕ್ಕ.

ಎರಡನೆಯ ತೊಡಕು ತಮ್ಮನ್ನು ತಾವೇ ಕಾಯುವುದು. ಪ್ರತಿ ಉಚ್ಚಾರಕ್ಕೂ ಸೆಕೆಂಡಿನ ಐದನೇ ಎರಡು ಭಾಗದಷ್ಟೇ ಸಮಯ. ಅದು ಹೆಚ್ಚುಕಡಿಮೆಯಾಗದಂತೆ ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಓದು. ಪಟ್ಟಿ ಬಾಯಿಗೆ ಬರಲೆಂದು ಅರ್ಥ ಕಟ್ಟಿಕೊಳ್ಳುವುದು, ಗುರುತು ಇಟ್ಟುಕೊಳ್ಳುವುದು ನಿಷಿದ್ಧ. ಪ್ರಯೋಗ ನಡೆಯುವಷ್ಟು ಕಾಲ ದಿನಚರಿಯೂ ಒಂದೇ ರೀತಿ ಇರಬೇಕು. ಸಂಜೆಯ ಹೊತ್ತು ಕಲಿಯಲು ಹೆಚ್ಚು ಸಮಯ ಹಿಡಿಯುತ್ತದೆಂದು ಗಮನಕ್ಕೆ ಬಂದಾಗ ಅದನ್ನೂ ಲೆಕ್ಕದಲ್ಲಿ ಸರಿದೂಗಿಸಿದರು. ಇಂಥದ್ದೇ ಫಲಿತಾಂಶ ಬರಲೆಂಬ ತಮ್ಮ ನಿರೀಕ್ಷೆ ಅಂಕಿಗಳನ್ನು ಬಾಗಿಸೀತೇ ಎಂಬ ಅನುಮಾನವನ್ನೂ ಬಿಡದೆ ಪರಿಶೀಲಿಸಿದರು.

ಆದರೆ ಅವರ ನಿಜವಾದ ಪ್ರತಿಭೆ ಕಾಣುವುದು ಅಳತೆಯಲ್ಲಿ. ಒಂದು ದಿನದ ನಂತರ ಪಟ್ಟಿ ಒಪ್ಪಿಸಲು ಹೋದರೆ ಬಾಯಿಗೆ ಏನೂ ಬರದಿರಬಹುದು. ಅಷ್ಟಕ್ಕೇ ನಿಂತರೆ ಅಂಕ ಸೊನ್ನೆ. ಎಬ್ಬಿಂಗ್‌ಹೌಸ್ ಅಲ್ಲಿ ನಿಲ್ಲಲಿಲ್ಲ. ಅದೇ ಪಟ್ಟಿಯನ್ನು ಮತ್ತೆ ಕಲಿತು, ಈ ಸಲ ಎಷ್ಟು ಹೊತ್ತು ಹಿಡಿಯಿತೆಂದು ನೋಡಿದರು. ಮೊದಲು 1,000 ಸೆಕೆಂಡು ಬೇಕಾಗಿದ್ದ ಪಾಠಕ್ಕೆ ಎರಡನೆಯ ಸಲ 600 ಸೆಕೆಂಡು ಸಾಕಾದರೆ, 400 ಸೆಕೆಂಡಿನ ಶ್ರಮ ಉಳಿಯಿತು. ಅಂದರೆ ಶೇ. 40ರಷ್ಟು ಉಳಿತಾಯ. ಈ ಉಳಿತಾಯವೇ ನೆನಪಿನ ಅಳತೆ. ನಾಲಿಗೆ ಮರೆತಿದ್ದನ್ನು ಶ್ರಮದ ಲೆಕ್ಕ ಹೇಳಿಬಿಡುತ್ತದೆ.

ಪ್ರತಿ ಸಲವೂ 13 ಉಚ್ಚಾರಗಳ ಎಂಟು ಪಟ್ಟಿ. ಎರಡು ಸಲ ತಪ್ಪಿಲ್ಲದೆ ಒಪ್ಪಿಸುವವರೆಗೆ ಕಲಿಕೆ, ಬಳಿಕ ಬಿಡುವು, ಮತ್ತೆ ಕಲಿಕೆ. ಇಂಥ ಜೋಡಿ ಪರೀಕ್ಷೆಗಳು 163. ಸುಮಾರು 20 ನಿಮಿಷದ ನಂತರ ಉಳಿತಾಯ ಶೇ. 58. ಒಂದು ಗಂಟೆಗೆ 44, ಒಂಬತ್ತು ಗಂಟೆಯ ಹೊತ್ತಿಗೆ 36, ಒಂದು ದಿನಕ್ಕೆ 34, ಆರು ದಿನಕ್ಕೆ 25. 31 ದಿನಗಳ ನಂತರವೂ 21. ಮರೆವಿನ ಸ್ವಭಾವವೇ ಈ ಅಂಕಿಗಳಲ್ಲಿದೆ. ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತದೆ. ಅಲ್ಲಿಗೂ ಉಳಿದುಕೊಂಡದ್ದು ಮಾತ್ರ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ ಪುಸ್ತಕ ಹಿಡಿಯುವ ಮಕ್ಕಳು ತಿಳಿಯಬೇಕಾದ ಒಂದು ಫಲಿತಾಂಶವೂ ಇಲ್ಲಿದೆ. 12 ಉಚ್ಚಾರಗಳ ಪಟ್ಟಿಯನ್ನು ಹಿಂದಿನ ದಿನವೇ ಒಂದೇ ಸಮನೆ 68 ಸಲ ಓದಿದಾಗ ಸಿಕ್ಕ ಪ್ರಯೋಜನ, ಮೂರು ದಿನಕ್ಕೆ ಹಂಚಿದಾಗ 38 ಓದಿಗೇ ಸಿಕ್ಕಿತು. ಇದೆಲ್ಲವನ್ನೂ ಎಬ್ಬಿಂಗ್‌ಹೌಸ್ 1885ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದರು.

ಬಳಸುದಾರಿಯಲ್ಲಿ ಕೇಳುವ ಈ ಕಲೆ ಮುಂದಿನವರ ಕೈಯಲ್ಲಿ ಇನ್ನಷ್ಟು ಸೂಕ್ಷ್ಮವಾಯಿತು. 1960ರಲ್ಲಿ ಅಮೆರಿಕದ ಜಾರ್ಜ್ ಸ್ಪರ್ಲಿಂಗ್ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಮೂರು ಸಾಲುಗಳಲ್ಲಿ ನಾಲ್ಕು ನಾಲ್ಕರಂತೆ 12 ಅಕ್ಷರಗಳು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ಮಿಂಚಿ ಮಾಯವಾಗುತ್ತವೆ. ಜನ ಹೇಳಬಲ್ಲವರಾಗಿದ್ದದ್ದು ನಾಲ್ಕೈದನ್ನು ಮಾತ್ರ. ಆದರೂ 'ಇನ್ನೂ ಹೆಚ್ಚು ಕಂಡಿದ್ದೆ, ಹೇಳುವಷ್ಟರಲ್ಲಿ ಹೋಯಿತು' ಎನ್ನುತ್ತಿದ್ದರು. ಅವರ ಮಾತು ನಿಜವೇ ಎಂದು ತಿಳಿಯಲು ಸ್ಪರ್ಲಿಂಗ್ ಅಕ್ಷರಗಳು ಮಾಯವಾದ ಕೂಡಲೇ ಒಂದು ಸ್ವರ ಕೇಳಿಸಿದರು. ಅದು ತಾರದಲ್ಲಿದ್ದರೆ ಮೇಲಿನ ಸಾಲು, ಮಧ್ಯಮವಾದರೆ ನಡುವಿನದು, ಮಂದ್ರವಾದರೆ ಕೆಳಗಿನದನ್ನು ಮಾತ್ರ ಹೇಳಬೇಕು. ಯಾವ ಸಾಲು ಕೇಳಿದರೂ ನಾಲ್ಕರಲ್ಲಿ ಸುಮಾರು ಮೂರು ಅಕ್ಷರ ಬಂದವು. ಯಾವ ಸಾಲು ಕೇಳುತ್ತಾರೆಂದು ಮೊದಲೇ ಗೊತ್ತಿರಲಿಲ್ಲವಾದ್ದರಿಂದ, ಮೂರೂ ಸಾಲುಗಳು ಅದೇ ಪ್ರಮಾಣದಲ್ಲಿ ಒಳಗಿದ್ದವೆಂದೇ ಅರ್ಥ. ಸ್ವರವನ್ನು ಒಂದು ಸೆಕೆಂಡು ತಡಮಾಡಿದರೆ ಈ ಲಾಭ ಇಲ್ಲವಾಗುತ್ತಿತ್ತು. ಕ್ಷಣಮಾತ್ರ ಇದ್ದು ಹೋಗುವ ದೃಶ್ಯದ ನೆನಪು ಹೀಗೆ ಅಳತೆಗೆ ಸಿಕ್ಕಿತು.

ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಬ್ರೆಂಡಾ ಮಿಲ್ನರ್ ಅವರ ಮುಂದಿದ್ದ ಸವಾಲು ಇನ್ನೂ ಕಠಿಣ. ಹೆನ್ರಿ ಮೊಲೈಸನ್ ಎಂಬ ಯುವಕನ ತೀವ್ರ ಅಪಸ್ಮಾರಕ್ಕೆ ಚಿಕಿತ್ಸೆಯಾಗಿ 1953ರಲ್ಲಿ ಮಿದುಳಿನ ಎರಡೂ ಬದಿಯ ಒಳಭಾಗದ ಒಂದು ಪಾಲನ್ನು, ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲು ಸೇರಿದಂತೆ, ವೈದ್ಯರು ತೆಗೆದಿದ್ದರು. ಆಮೇಲೆ ಹೊಸದಾಗಿ ನಡೆದ ಯಾವುದೂ ಆತನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮಿಲ್ನರ್ ಆತನಿಗೆ ಜೋಡಿಗೆರೆಯ ಒಂದು ನಕ್ಷತ್ರದ ಚಿತ್ರ ಕೊಟ್ಟು, ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಲು ಹೇಳಿದರು. ಎಲ್ಲ ತಿರುಗುಮುರುಗಾಗಿ ಕಾಣುವುದರಿಂದ ಯಾರ ಕೈಯಾದರೂ ಮೊದಲು ತಡವರಿಸುತ್ತದೆ. ಮೂರು ದಿನಗಳಲ್ಲಿ ಹೆನ್ರಿಯ ತಪ್ಪುಗಳು ಇಳಿಯುತ್ತ ಬಂದವು. ಈ ಕೆಲಸವನ್ನು ಹಿಂದೆ ಮಾಡಿದ್ದೇ ಆತನಿಗೆ ನೆನಪಿರಲಿಲ್ಲ, ಕೈ ಮಾತ್ರ ಕಲಿತಿತ್ತು. ನೆನಪೆಂಬುದು ಒಂದೇ ಬಗೆಯದಲ್ಲ, ಘಟನೆಗಳ ನೆನಪಿಗೂ ಕೌಶಲದ ನೆನಪಿಗೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಯಿದೆ ಎಂಬ ತಿಳಿವಿಗೆ ಒಂದು ಪೆನ್ಸಿಲ್, ಒಂದು ಕನ್ನಡಿ ದಾರಿ ಮಾಡಿದವು.

ಈ ಮೂವರೂ 'ನೆನಪಿಲ್ಲ' ಎಂಬ ಮಾತನ್ನು ಕೊನೆಯ ಉತ್ತರವೆಂದು ಒಪ್ಪಲಿಲ್ಲ. ಪ್ರಶ್ನೆಯನ್ನೇ ಬದಲಿಸಿದರು. ಹಾಗೆ ಬದಲಿಸುವಾಗ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟರು. ಒಳ್ಳೆಯ ಪ್ರಯೋಗವನ್ನು ಬೇರೊಬ್ಬರು ಅದೇ ಕ್ರಮದಲ್ಲಿ ಮಾಡಿ ನೋಡಲು ಬರಬೇಕು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಯಾಪ್ ಮುರ್ರೆ ಮತ್ತು ಯೂರಿ ಡ್ರೋಸ್ ಎಬ್ಬಿಂಗ್‌ಹೌಸ್‌ರ ಪುಸ್ತಕವನ್ನು ಮುಂದಿಟ್ಟುಕೊಂಡು ಮರೆವಿನ ಆ ಪರೀಕ್ಷೆಯನ್ನು ಮತ್ತೆ ನಡೆಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 130 ವರ್ಷ ಮೊದಲು ಒಬ್ಬರೇ ಪ್ರಕಟಿಸಿದ ಅಂಕಿಗಳಿಗೂ ಹೊಸ ಅಂಕಿಗಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಸುಬಿನ ಶುದ್ಧಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.