ಐದೋ ಏಳೋ? ಡಾಸ್ ಜೂಕ್‌ಬಾಕ್ಸಿಗೆ ದನಿ ಬಂದ ಬಗೆ

ಷಿಕಾಗೊ ಹೊರವಲಯದ ಮನೆಯೊಂದರ ನೆಲಮಾಳಿಗೆಯಲ್ಲಿ ಆಳೆತ್ತರದ ವಿಡಿಯೊ ಗೇಮ್ ಪೆಟ್ಟಿಗೆಯೊಂದಿದೆ. ಪಕ್ಕದ ಹಲಗೆಗಳ ಚಿತ್ರ ಅರ್ಧ ಕಿತ್ತುಹೋಗಿದೆ, ನಾಣ್ಯ ಹಾಕುವ ಬಾಗಿಲು ಮಾತ್ರ ಇನ್ನೂ ಗಟ್ಟಿಮುಟ್ಟು. ಒಳಗಿದ್ದ ಆಟದ ಬೋರ್ಡು ಎಂದೋ ಮಾಯವಾಗಿದೆ. ಅದರ ಜಾಗದಲ್ಲಿ ಪೆಂಟಿಯಂ ಕಾಲದ ಮದರ್‌ಬೋರ್ಡು, ಎಂಎಸ್-ಡಾಸ್, ಡಾಸ್ ಮೇಲೊಂದು ಜೂಕ್‌ಬಾಕ್ಸ್ ಪ್ರೋಗ್ರಾಂ. ಜಾಯ್‌ಸ್ಟಿಕ್ ಆಡಿಸಿದರೆ ಹಾಡಿನ ಪಟ್ಟಿ ಸರಿಯುತ್ತದೆ, ಕೆಂಪು ಗುಂಡಿ ಒತ್ತಿದರೆ ಹಾಡು. ಒಡೆಯ ಹಾಸನದ ಕಡೆಯವನು, ನನ್ನ ಕಾಲೇಜು ಗೆಳೆಯ. ಡಿಸ್ಕಿನ ತುಂಬ ಅಣ್ಣಾವ್ರ ಹಾಡು ತುಂಬಿಟ್ಟಿದ್ದಾನೆ. ಹೆಸರುಗಳನ್ನೆಲ್ಲ ಡಾಸ್ ಎಂಟಕ್ಷರಕ್ಕೆ ಕತ್ತರಿಸಿಟ್ಟಿರುವುದರಿಂದ ಯಾವುದು ಯಾವ ಹಾಡು ಎಂದು ಊಹಿಸುವುದೇ ಒಂದು ಆಟ. ನಾನು ಹೋದಾಗ ಪಟ್ಟಿ ಸರಿಯುತ್ತಿತ್ತು, ಗುಂಡಿ ಒತ್ತಿದರೆ ಮಾತ್ರ ಸದ್ದಿಲ್ಲ.

ಇಂಥ ಪೆಟ್ಟಿಗೆಗೆ ಷಿಕಾಗೊಗಿಂತ ತಕ್ಕ ಊರು ಸಿಗಲಾರದು. ಸೀಬರ್ಗ್, ರಾಕ್-ಓಲಾ ಜೂಕ್‌ಬಾಕ್ಸುಗಳು ತಯಾರಾಗಿದ್ದು ಇಲ್ಲೇ. 45 ಆರ್‌ಪಿಎಂ ತಟ್ಟೆಗಳ ಮೊದಲ ಜೂಕ್‌ಬಾಕ್ಸನ್ನು ಸೀಬರ್ಗ್ 1950ರಲ್ಲಿ ಹೊರತಂದಿತು. 1980ರಲ್ಲಿ ಜಪಾನಿನ ಪ್ಯಾಕ್‌ಮ್ಯಾನನ್ನು ಅಮೆರಿಕದ ಅಂಗಡಿಗಳಿಗೆ ಹಂಚಿದ, 1992ರಲ್ಲಿ ಮಾರ್ಟಲ್ ಕಾಂಬ್ಯಾಟ್ ಮಾಡಿದ ಮಿಡ್‌ವೇ ಕೂಡ ಈ ಊರಿನದೇ. ಆರ್ಕೇಡುಗಳು ಮುಚ್ಚುತ್ತ ಬಂದಂತೆ ಪೆಟ್ಟಿಗೆಗಳು ಅಗ್ಗವಾದವು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರಬಿಟ್ಟ ಮೇಮ್ ಎಂಬ ತಂತ್ರಾಂಶ ಹಳೆಯ ಆಟಗಳನ್ನು ಪಿಸಿಯಲ್ಲೇ ಓಡಿಸತೊಡಗಿತು, ಹವ್ಯಾಸಿಗಳು ಖಾಲಿ ಪೆಟ್ಟಿಗೆಯೊಳಗೆ ಪಿಸಿ ಕೂರಿಸಿದರು. ಆಟ ಆಡದ ಹೊತ್ತಿನಲ್ಲಿ ಅದು ಹಾಡಲಿ ಎಂದು ಎಂಪಿ3 ಜೂಕ್‌ಬಾಕ್ಸ್ ಪ್ರೋಗ್ರಾಂಗಳನ್ನೂ ಬರೆದುಕೊಂಡರು.

ಇವತ್ತಿಗೂ ಡಾಸ್ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಸ್ವಿಚ್ ಹಾಕಿದ ಕೆಲವೇ ಸೆಕೆಂಡಿಗೆ ಪಟ್ಟಿ ಪರದೆಯ ಮೇಲೆ ಬರುತ್ತದೆ, ಸಾಕೆನಿಸಿದಾಗ ಸ್ವಿಚ್ ಆರಿಸಿದರೆ ಮುಗಿಯಿತು. ಅಪ್‌ಡೇಟ್ ಇಲ್ಲ, ಶಟ್‌ಡೌನ್ ಇಲ್ಲ. ಹಾಡುವ ಪೆಟ್ಟಿಗೆ ರೇಡಿಯೊ ಹಾಗಿರಬೇಕು ಎನ್ನುವವರ ಪೈಕಿ ನಾನೂ ಒಬ್ಬ. ಎಂಪಿ3 ಬಿಡಿಸಿ ನುಡಿಸಲು 486 ಏದುಸಿರು ಬಿಡುತ್ತದೆ ನಿಜ, ಆದರೆ ಪೆಂಟಿಯಂಗೆ ಅದು ಲೆಕ್ಕಕ್ಕಿಲ್ಲ.

ಕಾಟವೆಲ್ಲ ಸೌಂಡ್ ಕಾರ್ಡಿನದು. "ಡ್ರೈವರ್ ಎಲ್ಲ ಸರಿಯಾಗೇ ಹಾಕಿದೀನಿ ಮಾರಾಯ" ಎಂದ ಗೆಳೆಯ. ಆದರೆ ವಿಂಡೋಸಿನಲ್ಲಿ ಇರುವಂಥ ಸೌಂಡ್ ಡ್ರೈವರ್ ಡಾಸ್‌ನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಪ್ರೋಗ್ರಾಂ ವಿಂಡೋಸನ್ನು ಕೇಳುತ್ತದೆ, ವಿಂಡೋಸ್ ಡ್ರೈವರಿಗೆ ಹೇಳುತ್ತದೆ. ಡಾಸ್ ಸದ್ದಿನ ಗೋಜಿಗೇ ಹೋಗುವುದಿಲ್ಲ. ಪ್ರತಿ ಪ್ರೋಗ್ರಾಮೂ ಕಾರ್ಡಿನ ಚಿಪ್ಪಿನ ಜೊತೆ ತಾನೇ ನೇರವಾಗಿ ವ್ಯವಹರಿಸಬೇಕು. ಕಾರ್ಡಿನ ಜೊತೆ ಬರುತ್ತಿದ್ದ ಫ್ಲಾಪಿಯಲ್ಲಿ ಇದ್ದದ್ದು ಬಹುಪಾಲು ಕಾರ್ಡನ್ನು ಎಬ್ಬಿಸುವ, ವಾಲ್ಯೂಮ್ ಹೊಂದಿಸುವ, ಪರೀಕ್ಷೆ ಮಾಡುವ ಪುಟ್ಟ ಪ್ರೋಗ್ರಾಂಗಳು.

ಹೀಗಿದ್ದಾಗ ಹೆಚ್ಚು ಮಾರಾಟವಾದ ಕಾರ್ಡೇ ಎಲ್ಲರಿಗೂ ಮಾನದಂಡವಾಗುತ್ತದೆ. 1987ರಲ್ಲಿ ಕೆನಡಾದ ಆಡ್‌ಲಿಬ್ ಯಮಾಹಾ ಚಿಪ್ ಕೂರಿಸಿದ ಕಾರ್ಡು ತಂದಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಅದೇ ಚಿಪ್ಪಿನ ಜೊತೆಗೆ ರೆಕಾರ್ಡಾದ ಸದ್ದನ್ನೂ ನುಡಿಸುವ ಸೌಂಡ್ ಬ್ಲಾಸ್ಟರ್ ತಂದು ಮಾರುಕಟ್ಟೆಯನ್ನು ಬಾಚಿಕೊಂಡಿತು. 1992ರ ಹೊತ್ತಿಗೆ ಆಡ್‌ಲಿಬ್ ದಿವಾಳಿ, ಸೌಂಡ್ ಬ್ಲಾಸ್ಟರ್ 16 ರಾಜ. ಅಲ್ಲಿಂದಾಚೆ ಡಾಸ್ ಪ್ರೋಗ್ರಾಂ ಬರೆದವರೆಲ್ಲ ಎದುರಿಗಿರುವುದು ಸೌಂಡ್ ಬ್ಲಾಸ್ಟರ್ ಎಂದೇ ಭಾವಿಸಿ ಬರೆದರು. ಅದು ಎಲ್ಲಿದೆ ಎಂದು ತಿಳಿಸಲು ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಒಂದು ಸಾಲು ಸಾಕಿತ್ತು:

ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಪಿ330 ಟಿ6

ಎ ಅಂದರೆ ಕಾರ್ಡಿನ ವಿಳಾಸ, ಐ ಅಂದರೆ ಐಆರ್‌ಕ್ಯೂ, ಡಿ ಮತ್ತು ಎಚ್ 8 ಹಾಗೂ 16 ಬಿಟ್ ಡಿಎಂಎ ಮಾರ್ಗಗಳು, ಪಿ ಮಿಡಿ ಪೋರ್ಟು, ಟಿ ಕಾರ್ಡಿನ ಜಾತಿ. ಈ ಸಾಲು ಕಾರ್ಡಿಗೆ ಏನನ್ನೂ ಮಾಡುವುದಿಲ್ಲ ಎಂಬುದನ್ನು ಮರೆಯಬಾರದು. ಅದು ಬರೀ ಸುದ್ದಿ. ಸುದ್ದಿ ಸುಳ್ಳಾದರೂ ಡಾಸ್ ತುಟಿ ಬಿಚ್ಚುವುದಿಲ್ಲ.

ಗೆಳೆಯನ ಪೆಟ್ಟಿಗೆಯಲ್ಲಿ ಮೊದಲು ಇದ್ದದ್ದು ಪಿಸಿಐ ಕಾರ್ಡು. ಅದು ತಾನೇ ಸೌಂಡ್ ಬ್ಲಾಸ್ಟರ್ ಅಲ್ಲ, ಮೆಮೊರಿಯಲ್ಲಿ ಕೂತ ಪ್ರೋಗ್ರಾಮೊಂದು ಅದರ ಪರವಾಗಿ ವೇಷ ಹಾಕುತ್ತದೆ. ಯಾರಾದರೂ 220ನೇ ವಿಳಾಸಕ್ಕೆ ಮಾತಾಡಿದರೆ ಡಾಸ್‌ನ ಮೆಮೊರಿ ಮ್ಯಾನೇಜರ್ ಇಎಂಎಂ386 ಮೂಲಕ ಅದನ್ನು ತಡೆದು, ತನ್ನ ಚಿಪ್ಪಿಗೆ ಅರ್ಥವಾಗುವಂತೆ ದಾಟಿಸುತ್ತದೆ. ಸಾದಾ ಡಾಸ್ ಪ್ರೋಗ್ರಾಮಿಗೆ ಇದು ನಡೆಯುತ್ತದೆ. ಆದರೆ ಈ ಜೂಕ್‌ಬಾಕ್ಸು ಪ್ರೊಟೆಕ್ಟೆಡ್ ಮೋಡಿನಲ್ಲಿ ಓಡುತ್ತದೆ. ಅಂಥ ಪ್ರೋಗ್ರಾಂ ಪ್ರೊಸೆಸರನ್ನು ತನ್ನ ಕೈಗೆ ತೆಗೆದುಕೊಂಡಾಗ ಇಎಂಎಂ386ರ ಕಾವಲು ಲೆಕ್ಕಕ್ಕೆ ಬರುವುದಿಲ್ಲ. ಪ್ರೋಗ್ರಾಂ 220ಕ್ಕೆ ಕೂಗುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಈ ವೇಷದ ಕಾರ್ಡುಗಳ ಬಗ್ಗೆ ನನಗೆ ಹಿಂದಿನಿಂದಲೂ ನಂಬಿಕೆ ಕಡಿಮೆ, ಆ ದಿನ ಇನ್ನಷ್ಟು ಕಡಿಮೆಯಾಯಿತು.

ಮದರ್‌ಬೋರ್ಡಿನಲ್ಲಿ, ವೇಷವಿಲ್ಲದ ಹಳೆಯ ಕಾರ್ಡುಗಳು ಕೂರುವ ಐಎಸ್‌ಎ ಸ್ಲಾಟ್ ಇದ್ದದ್ದು ಪುಣ್ಯ. ಗೆಳೆಯ ಡಬ್ಬಿಯೊಂದನ್ನು ಜಾಲಾಡಿ ಹಳೆಯ ಐಎಸ್‌ಎ ಕಾರ್ಡು ತೆಗೆದ. ಜಂಪರ್ ಎಂಬ ಪುಟ್ಟ ಕೊಂಡಿಗಳಲ್ಲಿ ಎಲ್ಲವನ್ನೂ ನಿಗದಿ ಮಾಡುವ ಮಾದರಿ. ಹಾಕಿ, ಗುಂಡಿ ಒತ್ತಿದೆವು. ಸದ್ದು ಬಂತು! ಆದರೆ ಅಣ್ಣಾವ್ರು ಮೊದಲ ಅಕ್ಷರದಲ್ಲೇ ನಿಂತುಬಿಟ್ಟರು. ಅದೇ ತುಣುಕು ಮತ್ತೆ, ಮತ್ತೆ, ಮತ್ತೆ. ಮೇಲಿನಿಂದ ಗೆಳೆಯನ ಮಗಳು ಇಳಿದುಬಂದು, "ಅಪ್ಪಾ, ಸ್ಟಕ್ ಆಗಿದೆ, ಆಫ್ ಮಾಡು" ಎಂದಳು. ನನಗೆ ಮಾತ್ರ ಕುಣಿಯುವಷ್ಟು ಖುಷಿ. ಸದ್ದೇ ಇಲ್ಲದ ಯಂತ್ರ ಏನೂ ಹೇಳುವುದಿಲ್ಲ, ಅಕ್ಷರ ಕಚ್ಚಿಕೊಂಡ ಯಂತ್ರ ತನ್ನ ರೋಗವನ್ನು ತಾನೇ ಹೇಳುತ್ತದೆ.

ಹೇಗೆಂದರೆ, ಪ್ರೋಗ್ರಾಂ ಹಾಡಿನ ಸಣ್ಣ ತುಣುಕನ್ನು ಮೆಮೊರಿಯಲ್ಲಿಟ್ಟು, ಅದನ್ನು ಕಾರ್ಡಿಗೆ ಸಾಗಿಸುವ ಕೆಲಸವನ್ನು ಡಿಎಂಎಗೆ ವಹಿಸುತ್ತದೆ. ತುಣುಕು ಮುಗಿಯುತ್ತಲೇ ಕಾರ್ಡು ಐಆರ್‌ಕ್ಯೂ ಎಂಬ ಕರೆಗಂಟೆ ಒತ್ತಬೇಕು, ಪ್ರೊಸೆಸರ್ ಬಂದು ಮುಂದಿನ ತುಣುಕು ತುಂಬಬೇಕು. ಗಂಟೆ ಕೇಳಿಸದಿದ್ದರೆ ಡಿಎಂಎ ಪಾಡಿಗೆ ಡಿಎಂಎ ಹಳೆಯ ತುಣುಕನ್ನೇ ಸುತ್ತಿಸುತ್ತಿರುತ್ತದೆ. ಅಂದರೆ ವಿಳಾಸ ಸರಿ, ಡಿಎಂಎ ಸರಿ, ಐಆರ್‌ಕ್ಯೂ ಒಂದೇ ತಪ್ಪು. ಆಟೋಎಕ್ಸೆಕ್ ತೆರೆದರೆ ಹಿಂದಿನ ಕಾರ್ಡಿನ ಕಾಲದ ಐ7 ಕೂತಿತ್ತು, ಜಂಪರ್ ಇದ್ದದ್ದು 5ರಲ್ಲಿ.

ಈ ಐದು, ಏಳರ ಜಗಳ ನನಗೆ ಬಲು ಪ್ರಿಯ, ಓದುಗರು ತುಸು ಸಹಿಸಿಕೊಳ್ಳಬೇಕು. ಮೊದಲ ಸೌಂಡ್ ಬ್ಲಾಸ್ಟರ್ ಕಾರ್ಖಾನೆಯಿಂದ ಬರುತ್ತಿದ್ದದ್ದು 7ರಲ್ಲಿ. 7 ಅಸಲಿಗೆ ಪ್ರಿಂಟರಿನದು. ಆದರೆ 1983ರ ಐಬಿಎಂ ಎಕ್ಸ್‌ಟಿಯಲ್ಲಿ 5 ಹಾರ್ಡ್ ಡಿಸ್ಕಿನದು, ಡಿಸ್ಕಿನ ಜೊತೆ ಜಗಳ ಯಾರಿಗೂ ಬೇಡ. ಪ್ರಿಂಟರ್ ಸಾಧು ಪ್ರಾಣಿ, ಡಾಸ್‌ನಲ್ಲಿ ಅಚ್ಚು ಹಾಕಲು ಸಾಮಾನ್ಯವಾಗಿ ಐಆರ್‌ಕ್ಯೂ ಬೇಕಾಗುತ್ತಲೇ ಇರಲಿಲ್ಲ. 1984ರ ಎಟಿ ಮಾದರಿಯಲ್ಲಿ ಡಿಸ್ಕು 14ಕ್ಕೆ ಹೋಯಿತು, 5 ಎರಡನೇ ಪ್ರಿಂಟರಿನ ಪಾಲಾಯಿತು. ಮನೆಯಲ್ಲಿ ಎರಡು ಪ್ರಿಂಟರ್ ಇಟ್ಟುಕೊಂಡವರು ಎಷ್ಟು ಜನ? ಸೌಂಡ್ ಬ್ಲಾಸ್ಟರ್ 16 ಬರುವ ಹೊತ್ತಿಗೆ 5 ರೂಢಿಯಾಗಿತ್ತು. 7ಕ್ಕೆ ಇನ್ನೊಂದು ವಿಚಿತ್ರ ಗುಣವೂ ಉಂಟು. ಐಆರ್‌ಕ್ಯೂಗಳನ್ನು ನೋಡಿಕೊಳ್ಳುವ 8259 ಚಿಪ್ಪು, ಕರೆ ಬಂದಂತಾಗಿ ತಿರುಗಿ ನೋಡಿದಾಗ ಯಾರೂ ಇಲ್ಲದಿದ್ದರೆ ಅದನ್ನು 7ರ ಖಾತೆಗೇ ಬರೆಯುತ್ತದೆ. ಹುಸಿ ಕರೆಗಳೆಲ್ಲ ಹೋಗಿ ಸೇರುವ ಮನೆಯಲ್ಲೇ ಕ್ರಿಯೇಟಿವ್ ತನ್ನ ಮೊದಲ ಕಾರ್ಡನ್ನು ಇಳಿಸಿತ್ತು ಎಂದು ನೆನೆದಾಗಲೆಲ್ಲ ನನಗೆ ನಗು.

ಸಾಲಿನಲ್ಲಿ 5 ಎಂದು ತಿದ್ದಿದರೂ ಹಾಡು ಮುಂದೆ ಹೋಗಲಿಲ್ಲ. ಕಾರಣ ಬಯಾಸ್‌ನಲ್ಲಿ ಸಿಕ್ಕಿತು. ಪಿಸಿಐ ಸಾಧನಗಳಿಗೆ ಐಆರ್‌ಕ್ಯೂ ಹಂಚುವಾಗ ಬಯಾಸ್ 5ನ್ನು ನೆಟ್‌ವರ್ಕ್ ಕಾರ್ಡಿಗೆ ಕೊಟ್ಟುಬಿಟ್ಟಿತ್ತು. ಜಂಪರ್ ಕಾರ್ಡು ಎಲ್ಲಿದೆ ಎಂದು ಬಯಾಸಿಗೆ ತಿಳಿಯುವ ದಾರಿಯೇ ಇಲ್ಲ, ನಾವೇ ಹೇಳಬೇಕು. ಪಿಎನ್‌ಪಿ/ಪಿಸಿಐ ಪುಟದಲ್ಲಿ ಐಆರ್‌ಕ್ಯೂ 5ನ್ನು 'ಲೆಗಸಿ ಐಎಸ್‌ಎ' ಎಂದು ಕಾಯ್ದಿರಿಸಿದ ಮೇಲೆ ಅಣ್ಣಾವ್ರು ಎರಡನೇ ಅಕ್ಷರಕ್ಕೆ ದಾಟಿ, ಪಲ್ಲವಿ ಮುಗಿಸಿ, ಚರಣಕ್ಕೆ ಬಂದರು. ಗೆಳೆಯ ಕುರ್ಚಿಯಿಂದ ಎದ್ದು ನಿಂತ.

ಹಾಡೇನೋ ಬಂತು, ಪಿಟೀಲುಗಳು ಎಲ್ಲಿ? ಪೆಟ್ಟಿಗೆಯಲ್ಲಿದ್ದದ್ದು ಒಂದೇ ಸ್ಪೀಕರ್, ಅದಕ್ಕೆ ಎಡಗಡೆಯ ತಂತಿಯನ್ನಷ್ಟೇ ಜೋಡಿಸಿದ್ದ. ಬಲಗಡೆಯ ವಾದ್ಯಗಳೆಲ್ಲ ಮನೆಗೆ ಹೋಗಿದ್ದವು. ಎರಡೂ ಕಡೆಯ ತಂತಿಗಳನ್ನು ಒಂದೊಂದು ರೆಸಿಸ್ಟರ್ ಮೂಲಕ ಸೇರಿಸಿ ಆಂಪ್ಲಿಫೈಯರ್‌ಗೆ ಕೊಟ್ಟ ಮೇಲೆ ವಾದ್ಯಗೋಷ್ಠಿ ಪೂರ್ಣವಾಯಿತು.

ಐಎಸ್‌ಎ ಸ್ಲಾಟೇ ಇಲ್ಲದವರ ಗತಿ ಏನು? ಹಂಗೇರಿಯ ಎಂಪಿಎಕ್ಸ್‌ಪ್ಲೇ ಎಂಬ ಡಾಸ್ ಪ್ಲೇಯರ್ ಇಂಟೆಲ್, ವಯಾ ಮುಂತಾದವರ ಮದರ್‌ಬೋರ್ಡಿನಲ್ಲೇ ಇರುವ ಸೌಂಡ್ ಚಿಪ್‌ಗಳ ಜೊತೆ ನೇರವಾಗಿ ಮಾತಾಡುತ್ತದೆ, ಬ್ಲಾಸ್ಟರ್ ಸಾಲಿನ ಹಂಗಿಲ್ಲ. ಇತ್ತೀಚಿನ ಎಸ್‌ಬಿಇಎಂಯು ಎಂಬ ಉಚಿತ ತಂತ್ರಾಂಶ ಎಂಪಿಎಕ್ಸ್‌ಪ್ಲೇಯ ಚಿಪ್ ಕೋಡನ್ನೇ ಬಳಸಿಕೊಂಡು ಹೊಸ ಯಂತ್ರಗಳಲ್ಲೂ ಸೌಂಡ್ ಬ್ಲಾಸ್ಟರ್ ವೇಷ ಹಾಕುತ್ತದೆ. ಹಳೆಯ ವೇಷಧಾರಿಗಳಿಗಿಂತ ಇದು ಜಾಣ, ಪ್ರೊಟೆಕ್ಟೆಡ್ ಮೋಡಿನ ಪ್ರೋಗ್ರಾಂಗಳ ಮೇಲೂ ಕಣ್ಣಿಡುತ್ತದೆ. ಆಟಕ್ಕೆ ಧಾರಾಳವಾಗಿ ಬಳಸಿ. ಗುಂಡಿ ಒತ್ತಿದೊಡನೆ ಹಾಡಲೇಬೇಕಾದ ಪೆಟ್ಟಿಗೆಗೆ ಮಾತ್ರ ನನ್ನ ಮತ ಈಗಲೂ ಜಂಪರ್ ಕಾರ್ಡಿಗೇ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ತೊಂಬತ್ತರ ದಶಕದಲ್ಲಿ ಪಿಸಿ ಜೋಡಿಸಿಕೊಂಡವರ ಅಟ್ಟಗಳಲ್ಲಿ ಇಂಥ ಕಾರ್ಡುಗಳು ಇನ್ನೂ ಇರಬಹುದು. ಹಳೆಯ ಸಿಪಿಯು ಗುಜರಿಗೆ ಹೋಗುವ ಮುಂಚೆ ಮುಚ್ಚಳ ಬಿಚ್ಚಿ ನೋಡಿ. ಉದ್ದನೆಯ ಕಪ್ಪು ಐಎಸ್‌ಎ ಸ್ಲಾಟಿನಲ್ಲಿ ಸೌಂಡ್ ಕಾರ್ಡು ಕೂತಿದ್ದರೆ ಬಿಡಿಸಿಡಿ. ಜಂಪರ್ ಯಾವ ನಂಬರಿನಲ್ಲಿದೆ ಎಂದು ಚೀಟಿ ಬರೆದು ಕಾರ್ಡಿಗೇ ಅಂಟಿಸಿ. ಮುಂದೆ ಅದನ್ನು ಯಾರು ಹಾಕಿಕೊಂಡರೂ ಮೊದಲು ಬೇಕಾಗುವುದು ಆ ನಂಬರೇ.