ನಗಿಸುವ ಹಿತ್ತಾಳೆ

ಸಂಗೀತವೆಂದೊಡನೆ ನಮ್ಮ ಮನಸ್ಸು ಭಕ್ತಿ, ಶೃಂಗಾರ, ಕರುಣಗಳ ಕಡೆಗೆ ಹರಿಯುವುದು ಸಹಜ. ಭರತಮುನಿಯು ಹಾಸ್ಯವನ್ನೂ ಒಂದು ರಸವೆಂದು ಎಣಿಸಿದ್ದಾನೆ. ಆದರೆ ಮಾತಿನ ನೆರವಿಲ್ಲದೆ ಬರಿಯ ಸ್ವರವು ನಗಿಸಬಲ್ಲುದೆ? ಇದಕ್ಕೆ ಉತ್ತರವನ್ನು ನಾವು ಸಂಗೀತಸಭೆಗಿಂತ ಹೆಚ್ಚಾಗಿ ಬೀದಿಯಲ್ಲಿಯೇ ಅರಸಬೇಕು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಮದುವೆಯ ದಿಬ್ಬಣದ ಮುಂದೆ ನಡೆಯುವ ಬ್ಯಾಂಡಿನವರು ಅದಕ್ಕೆ ಒಳ್ಳೆಯ ನಿದರ್ಶನ.

ಆ ಸೀಮೆಯವರಿಗೆ ಹಾಸ್ಯವೂ ಹೊಸದಲ್ಲ, ಸ್ವರವೂ ಹೊಸದಲ್ಲ. ಒಂದು ಮಗ್ಗುಲಲ್ಲಿ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ಕೃಷ್ಣಪಾರಿಜಾತದ ಆಟ. ಇನ್ನೊಂದು ಮಗ್ಗುಲಲ್ಲಿ ಮರಾಠಿ ತಮಾಷಾದ ವಿದೂಷಕನಾದ ಸೋಂಗಾಡ್ಯಾ. ಕಾಗವಾಡಕ್ಕೆ ನೆರೆಯದಾದ ಮಿರಜವು ತಂಬೂರಿಗಳ ತಯಾರಿಕೆಗೆ ಹೆಸರಾದ ಊರು. ಉಸ್ತಾದ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದುದೂ ಅಲ್ಲಿಯೇ. ಸನಾದಿ, ಕರಡಿಮಜಲುಗಳಿಗೆ ಒಗ್ಗಿದ ಈ ಕಿವಿಗಳಿಗೆ, ಸೈನ್ಯದ ವಾದ್ಯಮೇಳದಿಂದ ಬೀದಿಗಿಳಿದ ಹಿತ್ತಾಳೆಯ ವಾದ್ಯಗಳೂ ಬಹುಬೇಗ ಪರಿಚಿತವಾದವು.

ಈ ವಾದ್ಯಗಳು ನಗಿಸುವ ಬಗೆ ಹೇಗೆ? ಟ್ರೊಂಬೋನಿನ ಕೊಳವೆಯನ್ನು ಹೊರಕ್ಕೆ ಜಾರಿಸಿದಷ್ಟೂ ಒಳಗಿನ ಗಾಳಿಯ ಕಂಬವು ಉದ್ದವಾಗಿ ಸ್ವರವು ಇಳಿಯುತ್ತದೆ, ನಡುವೆ ಮೆಟ್ಟಿಲೆಂಬುದಿಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದಾದರೂ ನಾಲಗೆ ಜೊಂಡಿನದು. ತುಟಿಯನ್ನು ಸಡಿಲಿಸಿದರೆ ಸ್ವರವು ಬಾಗುತ್ತದೆ. ಮನುಷ್ಯನು ನಗುವಾಗಲೂ ಅಳುವಾಗಲೂ ಧ್ವನಿಯು ಹೀಗೆಯೇ ಜಾರುವುದಷ್ಟೆ. ಹಿಂದೂಸ್ತಾನಿ ಗಾಯಕನ ಮೀಂಡು ಕಣ್ಣೀರು ತರಿಸುವುದೂ ಈ ಜಾರುವಿಕೆಯಿಂದಲೇ. ಅದೇ ಉಪಾಯವು ತುಸು ಅತಿಯಾಗಿ, ನಿರೀಕ್ಷಿಸದ ಕ್ಷಣದಲ್ಲಿ ಬಂದರೆ ಕರುಣವು ಹಾಸ್ಯವಾಗಿ ಪರಿಣಮಿಸುತ್ತದೆ.

ಪಾಶ್ಚಾತ್ಯರು ಇದನ್ನು ಚೆನ್ನಾಗಿ ಅರಿತಿದ್ದರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿತವಾದ ‘ಲಿವರಿ ಸ್ಟೇಬಲ್ ಬ್ಲೂಸ್’ ಎಂಬ ತಟ್ಟೆಯಲ್ಲಿ ಕ್ಲಾರಿನೆಟ್ಟು ಹುಂಜದಂತೆ ಕೂಗುತ್ತದೆ, ಕಾರ್ನೆಟ್ಟು ಕುದುರೆಯಂತೆ ಕೆನೆಯುತ್ತದೆ, ಟ್ರೊಂಬೋನು ದನದಂತೆ ಅಂಬಾ ಎನ್ನುತ್ತದೆ. ಅದೇ ಕಾಲದಲ್ಲಿ ‘ಸಿಕ್ಸ್ ಬ್ರೌನ್ ಬ್ರದರ್ಸ್’ ಎಂಬ ಮೇಳದವರು ವಿದೂಷಕರ ಉಡುಪು ತೊಟ್ಟು ಆರು ಸ್ಯಾಕ್ಸೊಫೋನುಗಳಿಂದ ಸಭಿಕರನ್ನು ನಗಿಸುತ್ತಿದ್ದರು. ಇದೇ ವಾದ್ಯದಲ್ಲಿ ನಮ್ಮ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ 2004ರಲ್ಲಿ ಪದ್ಮಶ್ರೀ ಪಡೆದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತವರು ಅವರು. ಗಮಕಕ್ಕೆ ಒದಗಿದ ಬಾಗುವಿಕೆಯೇ ಗೇಲಿಗೂ ಒದಗುವುದು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸರಿಯಾದ ಸ್ವರವನ್ನು ಬಲ್ಲವನಿಗೆ ಮಾತ್ರ ಅದನ್ನು ಬೇಕೆಂದು ತಪ್ಪಿಸಿ ನಗಿಸುವುದು ಸಾಧ್ಯ. ಅರಿಯದವನ ಅಪಸ್ವರ ಕಿವಿಗೆ ಕರ್ಕಶ. ಅರಿತವನ ಅಪಸ್ವರ ವಿನೋದ. ತಾಳವು ಒಂದು ಕೂದಲೆಳೆಯಷ್ಟು ಹಿಂದುಮುಂದಾದರೂ ನಗೆ ಸತ್ತುಹೋಗುತ್ತದೆ.

ಆದರೂ ನಾವು ವಿದ್ಯಾವಂತರು ಬ್ಯಾಂಡಿನವನನ್ನು ಕಲಾವಿದನೆಂದು ಬಗೆಯುವುದು ಅಪರೂಪ. ದಿಬ್ಬಣ ಮುಗಿದ ಮೇಲೆ ಆತನಿಗೆ ಪಂಕ್ತಿಯಲ್ಲಿ ಎಲೆ ಬಿತ್ತೇ ಎಂದು ಕೇಳುವವರು ಎಷ್ಟು ಮಂದಿ? ಈಗಂತೂ ಅವನ ಸ್ಥಾನದಲ್ಲಿ ಗಾಡಿಯ ಮೇಲೆ ಹೇರಿದ ಧ್ವನಿವರ್ಧಕಗಳು ಗರ್ಜಿಸುತ್ತಿವೆ. ಮುದ್ರಿತ ಹಾಡಿಗೆ ಕಣ್ಣಿಲ್ಲ. ಮದುಮಗನ ಕುದುರೆ ಹಟಮಾಡಿ ನಿಂತರೆ, ಮುದುಕರೊಬ್ಬರು ಹುರುಪಿನಿಂದ ಕುಣಿಯತೊಡಗಿದರೆ, ಅದಕ್ಕೆ ತಕ್ಕ ಕೊಂಕುಸ್ವರದಿಂದ ಉತ್ತರ ಹೇಳಬಲ್ಲವನು ಬ್ಯಾಂಡಿನವನೊಬ್ಬನೇ. ಆತನು ಹೋದರೆ ಸದ್ದೇನೋ ಉಳಿದೀತು; ಸಂದರ್ಭವನ್ನರಿತು ನಗಿಸುವ ವಿದ್ಯೆ ಉಳಿಯಲಾರದು. ಆದ್ದರಿಂದ ನಮ್ಮ ಮನೆಯ ಮುಂದಿನ ಮಂಗಲಕಾರ್ಯಕ್ಕೆ ಬ್ಯಾಂಡಿನವರನ್ನೇ ಕರೆಯೋಣ. ನಮ್ಮೊಡನೆ ಪಂಕ್ತಿಯಲ್ಲಿ ಕೂರಿಸಿಕೊಂಡು ಊಟ ಮಾಡೋಣ.