ಹಳೆಯ ಗಣಕಯಂತ್ರಕ್ಕೆ ಹಗುರವಾದ ವ್ಯವಸ್ಥೆ: ಆಯ್ಕೆ ಮತ್ತು ಸ್ಥಾಪನೆ

ಮನೆಯ ಗಣಕಯಂತ್ರ ಹಳತಾಯಿತೆಂದು ನಾವು ಹೇಳುವಾಗ, ಅದರಲ್ಲಿ ನಿಜವಾಗಿ ಹಳತಾದುದು ಯಾವುದೆಂದು ಕೇಳಿಕೊಳ್ಳುವವರು ವಿರಳ. ಹತ್ತು ವರ್ಷ ದುಡಿದ ಯಂತ್ರದಲ್ಲಿಯೂ ತೆರೆ ಬೆಳಗುತ್ತದೆ, ಕೀಲಿಗಳು ಮಿಡಿಯುತ್ತವೆ, ಪ್ರೊಸೆಸರು ಮೊದಲಿನಷ್ಟೇ ವೇಗದಿಂದ ಎಣಿಸುತ್ತದೆ. ಆದರೂ ಒಂದು ಕಡತ ತೆರೆಯಬೇಕಾದರೆ ಕಾಯುತ್ತ ಕೂರಬೇಕು. ಯಂತ್ರದ ಬಲ ಕುಗ್ಗಿದುದಕ್ಕಿಂತ ಅದರ ಮೇಲಿನ ಹೊರೆ ವರ್ಷವರ್ಷಕ್ಕೂ ಹೆಚ್ಚಿದುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಆ ಹೊರೆಯನ್ನು ಇಳಿಸುವ ಬಗೆ ಯಾವುದು, ಇಳಿಸುವಾಗ ನಮ್ಮ ಕನ್ನಡದ ಕೆಲಸಕ್ಕೆ ಕುಂದು ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬ ಎರಡು ಸಂಗತಿಗಳನ್ನು ಇಲ್ಲಿ ವಿಚಾರಿಸೋಣ.

ಈ ವಿಚಾರ ಈಗ ತುರ್ತಿನದಾಗಿದೆ. ವಿಂಡೋಸ್ 10ಕ್ಕೆ ಇದ್ದ ನಿಯತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಆದರೋ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹಸ್ಥಳಗಳ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ ಅಪೇಕ್ಷಿಸುತ್ತದೆ. ಸುಸ್ಥಿತಿಯಲ್ಲಿರುವ ಎಷ್ಟೋ ಯಂತ್ರಗಳಿಗೆ ಈ ಷರತ್ತನ್ನು ಪೂರೈಸುವುದು ಸಾಧ್ಯವಿಲ್ಲ. ಹಾಗೆಂದು ಅವು ಗುಜರಿಗೆ ಹೋದರೆ ಒಂಟಿಯಾಗಿ ಹೋಗುವುದಿಲ್ಲ. ಹೊರನಾಡಿನ ಕನ್ನಡಿಗನೊಬ್ಬನು ಬಿಡುವಿನ ವೇಳೆಯಲ್ಲಿ ಸಂಗ್ರಹಿಸಿದ ಪದಪಟ್ಟಿ, ಸಂಘದ ಸ್ಮರಣಸಂಚಿಕೆಯ ಕರಡು, ಅಚ್ಚಾಗದೆ ಉಳಿದ ಪ್ರಬಂಧ ಇವೆಲ್ಲವೂ ಅವುಗಳೊಡನೆ ಹೋಗುವ ಅಪಾಯವಿದೆ.

ಯಂತ್ರದ ಅಂಗಾಂಗಗಳನ್ನು ನಡೆಸಿ, ನಮ್ಮ ತಂತ್ರಾಂಶಗಳಿಗೆ ಎಡೆಮಾಡಿಕೊಡುವ ಮೂಲ ಏರ್ಪಾಡಿಗೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಇದರ ತಿರುಳನ್ನು ಕರ್ನೆಲ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಕಿಟಕಿ, ಪಟ್ಟಿ, ಚಿಹ್ನೆಗಳ ಹೊರಪದರವೇ ಡೆಸ್ಕ್‌ಟಾಪ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್‌ನ ವಿಶೇಷವೆಂದರೆ, ಅದರ ಮೇಲೆ ಯಾವ ಹೊರಪದರವನ್ನು ಹೊದಿಸಬೇಕೆಂಬುದು ಬಳಸುವವನ ಇಚ್ಛೆಗೆ ಬಿಟ್ಟದ್ದು. ಹಗುರ, ಭಾರಗಳ ವ್ಯತ್ಯಾಸ ಹೆಚ್ಚಾಗಿ ಹುಟ್ಟುವುದು ಈ ಹೊರಪದರದಲ್ಲಿ. 1996ರಲ್ಲಿ ಮೊದಲಾದ ಎಕ್ಸ್‌ಎಫ್‌ಸಿಇ ಮತ್ತು ಅದಕ್ಕಿಂತ ಈಚಿನದಾದ ಎಲ್‌ಎಕ್ಸ್‌ಕ್ಯೂಟಿ ಹಗುರವಾದ ಡೆಸ್ಕ್‌ಟಾಪ್‌ಗಳಲ್ಲಿ ಪ್ರಸಿದ್ಧವಾದವು.

ಆದರೆ ಅತ್ಯಂತ ಹಗುರವಾದುದೇ ಅತ್ಯುತ್ತಮವೆಂದು ಭಾವಿಸತಕ್ಕದ್ದಲ್ಲ. ಆಯ್ಕೆಗೆ ಮೂರು ಒರೆಗಲ್ಲುಗಳಿವೆ. ಅದು ನಮ್ಮ ಯಂತ್ರದ ಮೆಮೊರಿಗೆ ಹೊಂದುವುದೆ? ಭದ್ರತೆಯ ಪರಿಷ್ಕರಣಗಳು ಎಷ್ಟು ವರ್ಷ ದೊರೆಯುತ್ತವೆ? ಕನ್ನಡವನ್ನು ಸರಿಯಾಗಿ ತೋರಿಸಿ, ಸರಿಯಾಗಿ ಬರೆಯಿಸಿಕೊಳ್ಳುವುದೆ? ಮೊದಲನೆಯದನ್ನು ಮಾತ್ರ ನೋಡಿ ಆರಿಸಿದವನು ಉಳಿದೆರಡರಲ್ಲಿ ಪಶ್ಚಾತ್ತಾಪಪಡುವನು.

ಈ ಮೂರರಲ್ಲಿಯೂ ನಿಲ್ಲತಕ್ಕ ಒಂದು ವ್ಯವಸ್ಥೆ ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಸ್ಥಾಪಿಸಿದ, ಸ್ವಯಂಸೇವಕರಿಂದ ನಡೆಯುವ ಈ ಯೋಜನೆಯ 13ನೆಯ ಆವೃತ್ತಿ 2025ರ ಆಗಸ್ಟಿನಲ್ಲಿ ಹೊರಬಂದಿತು. ಇದಕ್ಕೆ ಬೆಲೆಯಿಲ್ಲ, ಒಂದೊಂದು ಆವೃತ್ತಿಗೂ ದೀರ್ಘಾವಧಿ ಬೆಂಬಲ ಸೇರಿ ಸುಮಾರು 5 ವರ್ಷ ಪರಿಷ್ಕರಣಗಳು ದೊರೆಯುತ್ತವೆ. ಯಂತ್ರದಲ್ಲಿ 4 ಜಿಬಿ ಮೆಮೊರಿ ಇದ್ದರೆ ಎಕ್ಸ್‌ಎಫ್‌ಸಿಇ ಒಪ್ಪುತ್ತದೆ. 2 ಜಿಬಿ ಮಾತ್ರವಿದ್ದರೆ ಎಲ್‌ಎಕ್ಸ್‌ಕ್ಯೂಟಿ ಮೇಲು. 32 ಬಿಟ್ಟಿನ ಪ್ರೊಸೆಸರುಗಳಲ್ಲಿ 13ನೆಯ ಆವೃತ್ತಿಯನ್ನು ಸ್ಥಾಪಿಸಲು ಬಾರದು, ಮೊದಲೇ ನೋಡಿಕೊಳ್ಳಬೇಕು. ಇಷ್ಟಾದರೂ ಮೆಮೊರಿಯನ್ನು ಹೆಚ್ಚಾಗಿ ನುಂಗುವುದು ಜಾಲತಾಣಗಳನ್ನು ತೋರಿಸುವ ಬ್ರೌಸರ್. ಹತ್ತು ಪುಟಗಳನ್ನು ಒಮ್ಮೆಗೇ ತೆರೆದಿಟ್ಟರೆ ಯಾವ ಹಗುರತನವೂ ಕಾಪಾಡಲಾರದು. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಸ್ಥಳದಲ್ಲಿ ಎಸ್‌ಎಸ್‌ಡಿ ಹಾಕಿಸುವುದರಿಂದಲೂ ಕಾಯುವ ಹೊತ್ತು ಬಹಳ ಕಡಮೆಯಾಗುತ್ತದೆ.

ಸ್ಥಾಪನೆಯ ಮೊದಲ ಹೆಜ್ಜೆ ಹಳೆಯ ಕಡತಗಳ ರಕ್ಷಣೆ. ಅವನ್ನು ಪ್ರತ್ಯೇಕ ಡಿಸ್ಕಿಗೆ ನಕಲಿಸಿದರೆ ಸಾಲದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳಲ್ಲಿ ಇರುವುದು ವಾಸ್ತವವಾಗಿ ರೋಮನ್ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ಅಕ್ಷರಶೈಲಿ. ಅದಿಲ್ಲದ ಹೊಸ ವ್ಯವಸ್ಥೆಯಲ್ಲಿ ಅದೇ ಲೇಖನ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಆದುದರಿಂದ ಹಳೆಯ ವ್ಯವಸ್ಥೆಯನ್ನು ಅಳಿಸುವುದಕ್ಕೆ ಮುಂಚೆಯೇ ಇಂತಹ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮೂಲದೊಡನೆ ತಾಳೆನೋಡಬೇಕು. ಪರಿವರ್ತಿಸಿದ ಲೇಖನದಲ್ಲಿ ಬೇಕಾದ ಪದವನ್ನು ಕನ್ನಡದಲ್ಲಿಯೇ ಹುಡುಕಲು ಬರುವುದೆಂಬುದು ಸಂಶೋಧಕನಿಗೆ ಹೆಚ್ಚಿನ ಲಾಭ.

ಅನಂತರ ಡೆಬಿಯನ್ ತಾಣದಿಂದ ‘ಲೈವ್’ ಪ್ರತಿಯನ್ನು ಇಳಿಸಿಕೊಂಡು, ರೂಫಸ್‌ನಂತಹ ಸಾಧನದಿಂದ 8 ಜಿಬಿಯ ಪೆನ್ ಡ್ರೈವಿಗೆ ಬರೆಯಬೇಕು. ಕೇವಲ ನಕಲಿಸಿದರೆ ಯಂತ್ರ ಅದರಿಂದ ಆರಂಭವಾಗದು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದೆಂಬುದೂ ನೆನಪಿರಲಿ. ಯಂತ್ರವನ್ನು ಅದರಿಂದ ಆರಂಭಿಸಿದರೆ, ಡಿಸ್ಕನ್ನು ಮುಟ್ಟದೆಯೇ ಹೊಸ ವ್ಯವಸ್ಥೆಯನ್ನು ಪರೀಕ್ಷಿಸಬಹುದು. ವೈಫೈ, ಧ್ವನಿ, ಮುದ್ರಣಯಂತ್ರ ಮೂರನ್ನೂ ಈ ಹಂತದಲ್ಲಿಯೇ ನೋಡಿಕೊಳ್ಳುವುದು ವಿವೇಕ. ಎಲ್ಲವೂ ಸರಿಯಾದರೆ ಸ್ಥಾಪನೆಗೆ ತೊಡಗಬೇಕು. ಇಡೀ ಡಿಸ್ಕನ್ನು ಅಳಿಸುವ ಪ್ರಶ್ನೆ ಬಂದಾಗ ಮಾತ್ರ ಒಂದು ಕ್ಷಣ ನಿಂತು, ಕಡತಗಳ ಪ್ರತಿ ಬೇರೆಡೆ ಭದ್ರವಾಗಿದೆಯೆಂದು ಮತ್ತೊಮ್ಮೆ ನಿಶ್ಚಯಿಸಿಕೊಳ್ಳಬೇಕು.

ಉಳಿದದ್ದು ಕನ್ನಡದ ಏರ್ಪಾಡು. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಕೇಳಿದರೆ ತಿಳಿಸುವವರು ಸಿಕ್ಕಾರು. ಮುಂಬಯಿಯ ದುರಸ್ತಿ ಅಂಗಡಿಯವನಿಗೆ ನಮ್ಮ ಒತ್ತಕ್ಷರದ ಗೊಡವೆಯಿಲ್ಲ. ಇದನ್ನು ನಾವೇ ಕಲಿಯುವುದು ಲೇಸು. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್ನಿನ ಭಂಡಾರದಲ್ಲಿಯೇ ದೊರೆಯುತ್ತವೆ. ಬರೆಯುವುದಕ್ಕೆ ಐಬಸ್ ಮತ್ತು ಅದರ ಎಂ17ಎನ್ ಭಾಗವನ್ನು ಸ್ಥಾಪಿಸಿ, ಲಾಗ್ ಔಟ್ ಮಾಡಿ ಮತ್ತೆ ಲಾಗ್ ಇನ್ ಆದ ಮೇಲೆ ಕನ್ನಡದ ಕೀಲಿವಿನ್ಯಾಸವನ್ನು ಆರಿಸಬೇಕು. ನುಡಿಗೆ ಒಗ್ಗಿದ ಕೈಗೆ ಕೆಜಿಪಿ ವಿನ್ಯಾಸ ಹೊಸದೆನಿಸದು; ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಉಂಟು. ಬಳಿಕ ‘ಸ್ತ್ರೀ’, ‘ಜ್ಞಾನ’, ‘ರಾಷ್ಟ್ರ’, ‘ಕಾರ್ಯ’ ಎಂಬ ಪದಗಳನ್ನು ಬರೆದು, ಒತ್ತುಗಳೂ ಅರ್ಕಾವತ್ತೂ ತೆರೆಯ ಮೇಲೆ, ಮುದ್ರಣದಲ್ಲಿ, ಎರಡೂ ಕಡೆ ಸ್ವಸ್ಥಾನದಲ್ಲಿವೆಯೆ ಎಂದು ಪರೀಕ್ಷಿಸಬೇಕು. ಲೇಖನಕಾರ್ಯಕ್ಕೆ ಲಿಬ್ರೆಆಫೀಸ್ ಸಾಕು.

ವಿಂಡೋಸ್‌ಗೆಂದೇ ರಚಿತವಾದ ಯಾವುದಾದರೊಂದು ತಂತ್ರಾಂಶ ಅನಿವಾರ್ಯವಾದವರಿಗೆ ಈ ಮಾರ್ಗ ಪೂರ್ತಿ ಒಪ್ಪುವುದೆಂದು ಹೇಳಲಾಗದು. ಅವರು ಹಳೆಯ ಯಂತ್ರವನ್ನು ಬರವಣಿಗೆಗೆ ಮೀಸಲಿಟ್ಟು, ಉಳಿದ ಕೆಲಸವನ್ನು ಬೇರೆ ಯಂತ್ರದಲ್ಲಿ ಮಾಡಬಹುದು. ಓದು, ಬರಹ, ಪತ್ರವ್ಯವಹಾರಗಳಷ್ಟೇ ಬೇಕಾದವರಿಗೆ ಹೊಸ ಯಂತ್ರದ ವೆಚ್ಚ ಬಹುತೇಕ ಅನಾವಶ್ಯಕ. ಹಳೆಯ ಯಂತ್ರ ಇನ್ನೈದು ವರ್ಷ ಬಾಳುವುದು ಒಂದು ಲಾಭ. ಅದರೊಳಗಿನ ಕನ್ನಡ ಒಂದು ತಂತ್ರಾಂಶದ ಹಂಗಿನಿಂದ ಬಿಡುಗಡೆಗೊಂಡು, ಮುಂದಿನ ಯಾವ ಯಂತ್ರದಲ್ಲಿಯೂ ಓದಲು ಬರುವಂತಾಗುವುದು ಅದಕ್ಕಿಂತ ದೊಡ್ಡ ಲಾಭ.